ಸೊಂಟದ ಅಳತೆ

ಮೊದಲು ಮೂವತ್ತೆರಡು ಇತ್ತು.
ಸಂಕ್ರಾಂತಿಗೆ ಮೂವತ್ತು.
ಶಿವರಾತ್ರಿ ಹೊತ್ತಿಗೆ ಇಪ್ಪತ್ತೆಂಟೂ ನಿಲ್ಲದೆ
ಹೊನ್ನೂರ ಒಂದು ಕೈಯಲ್ಲಿ ಪ್ಯಾಂಟು ಹಿಡಿದು
ಇನ್ನೊಂದರಲ್ಲಿ ಸಲೈನಿನ ಕಂಬ ತಳ್ಳುತ್ತ
ಪಾಯಿಖಾನೆಗೆ ನಡೆಯುತ್ತಿದ್ದ.
"ನೀ ಬರಬ್ಯಾಡ ಚಿಗವ್ವ."
ಇಪ್ಪತ್ತೆರಡರ ಹುಡುಗ. ನಾನು ಬಾಗಿಲಾಚೆ ನಿಂತು
ನೀರಿನ ಸದ್ದಿಗೆ ಕಿವಿ ಕೊಡುತ್ತಿದ್ದೆ.

ಕೌಲ್ ಬಜಾರಿನ ಜೀನ್ಸ್ ಶೆಡ್ಡಿನಲ್ಲಿ
ಹದಿನಾಲ್ಕು ವರ್ಷದಿಂದ ದಾರ ಕತ್ತರಿಸುವವಳು ನಾನು.
ಪೀಸಿಗಿಷ್ಟು ಅಂತ ಕೂಲಿ.
ಮುಟ್ಟಿ ಹೇಳಬಲ್ಲೆ ಯಾವ ಹೊಲಿಗೆ ನಿಲ್ಲುತ್ತದೆ,
ಯಾವುದು ಮೂರನೇ ಒಗೆತಕ್ಕೆ ಬಾಯಿ ಬಿಡುತ್ತದೆ.
ಅವನ ಕುತ್ತಿಗೆಯ ಗಂಟು ಮಾತ್ರ ಈ ಬೆರಳಿಗೆ ತಿಳಿಯಲಿಲ್ಲ.
ಮೂರು ತಿಂಗಳು ಅರಿಶಿನ, ಸುಣ್ಣ ಹಚ್ಚಿದೆ.
ಆಮೇಲೆ ಅದನ್ನು ಯಾರೂ ಎತ್ತಿ ಆಡಲಿಲ್ಲ.
ಆಡಿದ್ದರೆ ಚೆನ್ನಾಗಿತ್ತು.

ಡಾಕ್ಟರು ಆರು ಸೈಕಲ್ ಅಂದಾಗ
ಅಕ್ಕ ಕೇಳಿದಳು, "ತುಳಿಯೋ ಶಕ್ತಿ ಐತಾ ಸಾರ್, ಹುಡುಗನಿಗೆ?"
ನಕ್ಕವನು ಹೊನ್ನೂರ ಒಬ್ಬನೇ.
ಆ ನಗುವನ್ನು ರಸೀದಿಗಳ ಜೊತೆ ಮಡಚಿ ಇಟ್ಟುಕೊಂಡೆ.

ಅದೇ ದಿನ ನನ್ನನ್ನೂ ಅಕ್ಕನನ್ನೂ ಹೊರಗೆ ಕಳಿಸಿ
ಅವನೊಬ್ಬನ ಹತ್ತಿರ ಏನೋ ಮಾತಾಡಿದರು.
ಮಾರನೇ ದಿನ ಒಬ್ಬನೇ ಹುಬ್ಬಳ್ಳಿಗೆ ಹೋಗಿ ಬಂದ.
ಹೇಳಲಿಲ್ಲ. ಕೇಳಲಿಲ್ಲ.
ಮೊನ್ನೆ ಅಲ್ಲಿಂದ ಒಂದು ಬಿಲ್ಲು ಬಂತು, ವರ್ಷದ ಬಾಡಿಗೆ,
ಇನ್ನೂ ಹುಟ್ಟದವರದ್ದು.
ಕರೆಂಟ್ ಬಿಲ್ಲಿನೊಳಗೆ ಸೇರಿಸಿ ಕಟ್ಟಿದೆ.

ಕೆಂಪು ಔಷಧಿ ಇಳಿಯುವಷ್ಟು ಹೊತ್ತೂ
ವಾರ್ಡಿನ ಕಿಟಕಿಯಾಚೆ ಕೋಟೆಗುಡ್ಡ ಕಾದು ಕೂತಿರುತ್ತಿತ್ತು.
ಈಚೆ ಸ್ಟೂಲಿನ ಮೇಲೆ ನಾನು.
ಬಿಸಿಲಿಗೆ ಕಾಯುವುದು, ಹೊತ್ತಿಗೆ ಕಾಯುವುದು
ಬಳ್ಳಾರಿಯಲ್ಲಿ ಬೇರೆ ಬೇರೆ ಅಲ್ಲ.

ದಿಂಬಿನ ತುಂಬ ಕೂದಲು ಕಂಡ ಬೆಳಿಗ್ಗೆ
"ತಗಿ ನಿನ್ನ ಕತ್ತರಿ" ಅಂದ.
ಸಡಿಲ ದಾರ ಅಂದುಕೊಂಡೇ ಕತ್ತರಿಸೋಣ ಅಂತಿದ್ದೆ.
ಆಗಲಿಲ್ಲ. ಸೋದರಮಾವನಿಲ್ಲದ ಮನೆ ನಮ್ಮದು,
ಹುಟ್ಟುಗೂದಲು ತೆಗೆಸಿದಾಗಲೂ ಈ ತಲೆ
ನನ್ನ ತೊಡೆಯ ಮೇಲೇ ಇತ್ತು. ಆವತ್ತು ಅತ್ತವನು ಅವನು.

ನಾಲ್ಕನೇ ಸೈಕಲ್ಲಿಗೆ ತಟ್ಟೆ ಎಸೆದ.
ಗಂಜಿ ಗೋಡೆಯಿಂದ ನಿಧಾನಕ್ಕೆ ಇಳಿಯಿತು.
"ನಿಂಗೇನು ಗೊತ್ತು?"
ಒರೆಸುವುದೊಂದು ಗೊತ್ತಿತ್ತು.
ಒರೆಸುತ್ತ ನಾನೂ ಬೈದೆ, ಬಾಯ್ತುಂಬ,
ಪಕ್ಕದ ಮಂಚದವರು ಎದ್ದು ಕೂರುವ ಹಾಗೆ.
ಆ ರಾತ್ರಿ ಬಾಯಿಹುಣ್ಣಿನಲ್ಲೇ ಎರಡು ಇಡ್ಲಿ ತಿಂದ.

ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂದ ದಿನ
ಗೇಟಿನ ಹೊರಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ.
ಆರು ತಿಂಗಳು ಕನಸಿನಲ್ಲಿ ಕೇಳಿದ್ದ.
ಎರಡು ತುತ್ತಿಗೆ ಪೇಪರು ಮಡಚಿ ನನ್ನ ಕೈಗಿಟ್ಟ.
ಮುಗೀತಲ್ಲ ಬಿಡು, ಅಂದರು ಓಣಿಯವರು.
ಮುಗಿದದ್ದು ಅವರಿಗೆ.
ನಡುರಾತ್ರಿ ಅವನ ಬೆರಳು ಕತ್ತಲಲ್ಲಿ
ಕುತ್ತಿಗೆಯ ಮೇಲೆ ಹುಡುಕಾಡುತ್ತದೆ,
ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.
ನಾನು ನಿದ್ದೆ ಬಂದವಳಂತೆ ಮಲಗಿರುತ್ತೇನೆ.
ನನಗೆ ನಿದ್ದೆ ಬಂದಿಲ್ಲ ಅಂತ ಅವನಿಗೂ ಗೊತ್ತು.

ಆ ಪ್ಯಾಂಟನ್ನು ಒಳಹೊಲಿಗೆ ಹಾಕಿ
ಚಿಕ್ಕದು ಮಾಡಿದ್ದು ನಾನೇ, ಊಟದ ಬಿಡುವಿನಲ್ಲಿ.
ಮಿಕ್ಕ ಬಟ್ಟೆ ಕತ್ತರಿಸಿ ಬಿಡು, ಚೊಕ್ಕ ಕೂರುತ್ತದೆ
ಅಂದಿದ್ದರು ಮೇಸ್ತ್ರಿ ಖಾಜಾಸಾಬ್.
ದಿನಕ್ಕೆ ಸಾವಿರ ದಾರ ಕತ್ತರಿಸುವವಳು,
ಅದಕ್ಕೆ ಕತ್ತರಿ ಹಾಕಲಿಲ್ಲ.
ಈ ಸಂಜೆ ಬಿಚ್ಚಿದೆ.
ಹಳೆ ಸೂಜಿಯ ತೂತುಗಳು ಇರುವೆಸಾಲಿನಂತೆ.
ಮಡಿಕೆಯೊಳಗಿದ್ದ ಪಟ್ಟಿ ಮಾತ್ರ
ಅಂಗಡಿಯಿಂದ ತಂದ ದಿನದ ನೀಲಿ.

"ಬೆಲ್ಟ್ ಹಾಕ್ಕೋ, ಕಾಣಲ್ಲ" ಅಂದೆ.
"ಕಂಡ್ರೆ ಕಾಣ್ಲಿ" ಅಂದ.

ಮುಂದಿನ ತಪಾಸಣೆ ಯುಗಾದಿ ಕಳೆದ ಮೇಲೆ.
ಇಂಚುಪಟ್ಟಿ ಸುತ್ತಿದೆ. ಮೂವತ್ತು ಮುಕ್ಕಾಲು.
ಸರಿಯಾಗಿ ನಿಲ್ಲು, ಉಸಿರು ಬಿಗಿ ಹಿಡೀಬ್ಯಾಡ, ಅಂದೆ.
"ನಾನೆಲ್ಲಿ ಹಿಡಿದೀನಿ ಚಿಗವ್ವ,
ಹಿಡಿದಿರೋದು ನೀನು."